ಪಂಪು ಓಡ್ತಾ ಇದೆ

ಅಕ್ಟೋಬರಿನ ಒಂದು ಶುಕ್ರವಾರ, ಪಾಳಿ ಮುಗಿಯಲು ಇನ್ನೂ ಮೂರು ಗಂಟೆ ಇರುವಾಗಲೇ, ಗಣಿಯೊಳಗೆ ಇರುವವರನ್ನೆಲ್ಲ ಮೇಲಕ್ಕೆ ತರಬೇಕೆಂದು ಸೆಯಾಬೆಲೊಗೆ ಫೋನು ಬಂತು. ಯಾಕೆ ಎಂದು ಅವನು ಕೇಳಲಿಲ್ಲ. ಹನ್ನೊಂದು ವರ್ಷಗಳಿಂದ ಅವನು ಗಣಿಯ ಆಳಕ್ಕೆ ನೆಟ್ಟಗೆ ಇಳಿಯುವ ಮೂರನೇ ಶಾಫ್ಟಿನ ಯಂತ್ರದ ಮನೆಯಲ್ಲಿ ಕೂತು, ಜನರನ್ನು ಹೊರುವ ಕಬ್ಬಿಣದ ಕೇಜು ಇಳಿಸುವ, ಏರಿಸುವ ಕೆಲಸ ಮಾಡುತ್ತಿದ್ದ. ಸಾವಿರ ಮೀಟರ್ ಆಳದಿಂದ ಗಂಟೆ ಎಷ್ಟು ಸಲ ಹೊಡೆಯಿತು ಎಂದು ಎಣಿಸಬೇಕು, ಆಳ ತೋರಿಸುವ ಮುಳ್ಳಿನ ಮೇಲೆ ಕಣ್ಣಿಟ್ಟು ಹಿಡಿಕೆ ತಳ್ಳಬೇಕು. ಕಾರಣ ಕೇಳುತ್ತ ಕೂತರೆ ಆ ಕೆಲಸ ಆಗುವುದಿಲ್ಲ.

ಯಾರಿಗೋ ಏನೋ ಆಗಿದೆ ಎಂದುಕೊಂಡ. ಸ್ಟ್ರೆಚರ್ ಬರುತ್ತದೇನೋ ಎಂದು ಪ್ರತಿ ಸಲ ಕೇಜು ಮೇಲೆ ಬಂದಾಗಲೂ ಕಿಟಕಿಯಿಂದ ಬಗ್ಗಿ ನೋಡಿದ. ಬರಲಿಲ್ಲ. ಎಲ್ಲರೂ ತಮ್ಮ ಕಾಲ ಮೇಲೆ ತಾವೇ ನಡೆದು ಬಂದರು, ಬೇಗ ಬಿಟ್ಟಿದ್ದಕ್ಕೆ ನಗುತ್ತ. ಕೊನೆಯ ಕೇಜಿನಲ್ಲಿ ಮೊಡಿರಿ ಬಂದ. ಬಂಡೆ ಕೊರೆಯುವ ತಂಡದ ಮುಖ್ಯಸ್ಥ, ಸೆಯಾಬೆಲೊನ ಊರಿನವನೇ, ಅವನಿಗಿಂತ ಐದು ವರ್ಷ ದೊಡ್ಡವನು. ಇಬ್ಬರೂ ಬೊಬೊನೊಂಗ್‌ನಿಂದ ಒಂದೇ ಲಾರಿಯ ಹಿಂದೆ ಕೂತು ಹದಿನಾರು ವರ್ಷದ ಹಿಂದೆ ಈ ಗಣಿಯೂರು ಫಿರಿಯಾನೆಗೆ ಕೆಲಸ ಹುಡುಕಿಕೊಂಡು ಬಂದಿದ್ದರು. ಮೊಡಿರಿ ಯಂತ್ರದ ಮನೆಯ ಕಿಟಕಿಯತ್ತ ಕೈ ಬೀಸಿ, "ಏನೋ ಸೆಯಾಬೆ, ರಾಷ್ಟ್ರಪತಿ ಊಟಕ್ಕೆ ಬರ್ತಾರಾ?" ಎಂದು ಕೂಗಿದ.

ಅಂಗಳದಲ್ಲಿ ಟೈ ಕಟ್ಟಿದವನೊಬ್ಬ ಲಾರಿಯ ಮೇಲೆ ನಿಂತು ಕಾಗದ ಓದಿದ. ಮೊದಲು ಇಂಗ್ಲಿಷಿನಲ್ಲಿ ಓದಿದ್ದರಿಂದ ಅರ್ಧ ಜನಕ್ಕೆ ಅದು ಸಂಬಳದ ವಿಷಯ ಅನ್ನಿಸಿತು. ಆಮೇಲೆ ಅವರದೇ ಭಾಷೆ ಸೆತ್ಸ್ವಾನಾದಲ್ಲಿ ಹೇಳಿದಾಗ ಯಾರೂ ನಗಲಿಲ್ಲ. ಕಂಪನಿ ದಿವಾಳಿಯಾಗಿದೆ. ನಿಕಲ್ಲಿಗೆ ಬೆಲೆ ಇಲ್ಲ. ಕರಗಿಸುವ ಕುಲುಮೆಯನ್ನು ಈ ಸಂಜೆಯೇ ಆರಿಸಲಾಗುತ್ತದೆ. ತಲೆದೀಪ, ಹೆಲ್ಮೆಟ್ಟು ಒಪ್ಪಿಸಿ ಮನೆಗೆ ಹೋಗಬಹುದು.

"ನಾಳೆ ಯಾವ ಪಾಳಿ, ರ್ರಾ?" ಎಂದು ಹಿಂದಿನಿಂದ ಯಾರೋ ಅವನನ್ನು ಅಯ್ಯಾ ಎಂದೇ ಕರೆದು ಕೇಳಿದರು. ಟೈ ಕಟ್ಟಿದವನು ಕಾಗದ ಮಡಿಚಿಕೊಂಡು ಕೆಳಗಿಳಿದ.

ನಲವತ್ತು ವರ್ಷ ಊರಿನ ಮೇಲೆ ಹೊಗೆ ಕಾರಿದ ಚಿಮಣಿ ಅವತ್ತು ನಿಂತಿತು. ಮರುವಾರ ಜನ ಮೂಗಿಗೆ ಗಂಧಕದ ವಾಸನೆ ಇಲ್ಲದೆ ಎದ್ದು, ಏನೋ ಕಳೆದುಹೋಯಿತು ಎಂಬಂತೆ ಬಾಗಿಲಲ್ಲಿ ನಿಂತರು. ಕೆಮ್ಮು ಕಡಿಮೆಯಾಯಿತು. ಟೊಮೆಟೊ ಗಿಡದ ಎಲೆ ಸುಡುವುದು ನಿಂತಿತು. ಆದರೆ ಟೊಮೆಟೊ ಕೊಳ್ಳುವವರೂ ಇರಲಿಲ್ಲ.

ಐದು ಸಾವಿರ ಜನರಲ್ಲಿ ಅರವತ್ತು ಮಂದಿಯನ್ನು ಉಳಿಸಿಕೊಂಡರು. ಸೆಯಾಬೆಲೊ ಅವರಲ್ಲಿ ಒಬ್ಬ. ದಿವಾಳಿಯಾದ ಕಂಪನಿಯನ್ನು ನೋಡಿಕೊಳ್ಳಲು ನ್ಯಾಯಾಲಯ ನೇಮಿಸಿದ ಅಧಿಕಾರಿಯ ಪರವಾಗಿ ರಾಜಧಾನಿ ಗಾಬೊರೋನೆಯಿಂದ ಬಂದ ಮಾಫೊಕೊ ಎಂಬುವನು ಅವರನ್ನೆಲ್ಲ ಕೂರಿಸಿ ಮಾತಾಡಿದ. ಮಾಫೊಕೊ ಎಂದರೆ ಅವರ ಭಾಷೆಯಲ್ಲಿ ಮಾತುಗಳು ಎಂದೇ ಅರ್ಥ. ಆ ಹೆಸರಿಗಾಗಿ ಜನ ಮೊದಲ ದಿನವೇ ಅವನನ್ನು ಆಡಿಕೊಂಡರು. ಎತ್ತರದ ಆಳು, ಮೆತ್ತಗಿನ ದನಿ.

"ಗಣಿ ಸತ್ತಿಲ್ಲ, ಮಲಗಿದೆ ಅಷ್ಟೇ," ಎಂದ ಮಾಫೊಕೊ. "ಕೆಳಗೆ ದಿನಾ ನೀರು ಬರ್ತಾನೇ ಇರುತ್ತೆ. ಅದನ್ನ ಹೊರಗೆ ಹಾಕ್ತಾ ಇದ್ರೆ ಕೊಳ್ಳೋರು ಬರ್ತಾರೆ. ನೀರು ತುಂಬಿದ್ರೆ ಮುಗೀತು, ಯಾರೂ ಮುಟ್ಟಲ್ಲ. ನೀವು ಅರವತ್ತು ಜನ ಈ ಊರಿನ ಉಸಿರು ಹಿಡ್ಕೊಂಡಿದೀರಿ."

ಸೆಯಾಬೆಲೊನ ಕೆಲಸ ಮೊದಲಿನದೇ. ಮುಂಚೆ ನಾನೂರು ಜನರನ್ನು ಇಳಿಸುತ್ತಿದ್ದವನು ಈಗ ನಾಲ್ವರು ಪಂಪಿನವರನ್ನು ಸಾವಿರದ ಮಟ್ಟಕ್ಕೆ ಇಳಿಸುತ್ತಿದ್ದ, ಸಂಜೆ ಏರಿಸುತ್ತಿದ್ದ.

ಆ ದಿನಗಳಲ್ಲಿ ಊರಿನವರು ಒಬ್ಬರನ್ನೊಬ್ಬರು ಕಂಡಾಗ ಆರೋಗ್ಯ ವಿಚಾರಿಸುವುದನ್ನೇ ಬಿಟ್ಟರು. ಸೆಯಾಬೆಲೊ ಎದುರಾದರಂತೂ ಕೇಳುತ್ತಿದ್ದುದು ಒಂದೇ ಮಾತು: "ಪಂಪು ಓಡ್ತಾ ಇದೆಯಾ, ರ್ರಾ?"

"ಓಡ್ತಾ ಇದೆ."

"ಹಾಗಾದ್ರೆ ಸರಿ."

ಹೆಂಗಸರು ಅವನ ಹೆಂಡತಿ ಬೊನೊಲೊಳನ್ನು ನೋಡಿ, "ನಿನ್ನ ಹಣೆ ಚೆನ್ನಾಗಿದೆ, ಮ್ಮಾ-ವಾಮೆ," ಎನ್ನುತ್ತಿದ್ದರು. ವಾಮೆ ಅವರ ಒಬ್ಬಳೇ ಮಗಳು, ಮ್ಮಾ-ವಾಮೆ ಎಂದರೆ ವಾಮೆಯ ಅಮ್ಮ. ಹಣೆ ಎಷ್ಟು ಚೆನ್ನಾಗಿದ್ದರೂ ಬೊನೊಲೊಳ ವ್ಯಾಪಾರ ಕೈಕೊಟ್ಟಿತ್ತು. ಅವಳು ಗಣಿಯ ಗೇಟಿನ ಎದುರು ಗೂಡಂಗಡಿ ಇಟ್ಟುಕೊಂಡು ಪಾಳಿಗೆ ಹೋಗುವವರಿಗೆ ಚಹಾ, ಬಿಸಿ ಎಣ್ಣೆಯಿಂದ ತೆಗೆದ ಹಿಟ್ಟಿನ ಉಂಡೆ ಮಗ್ವಿನ್ಯಾ ಕೊಡುತ್ತಿದ್ದಳು. ಬೆಳಗಿನ ಐದು ಗಂಟೆಗೆ ನಿಂತರೆ ಏಳಕ್ಕೆ ಹಿಟ್ಟಿನ ಬೋಗುಣಿ ತಳ ಕಾಣುತ್ತಿತ್ತು. ಈಗ ಗೇಟಿನ ಮುಂದೆ ಕಾವಲುಗಾರನೂ ಒಂದು ನಾಯಿಯೂ ಇರುತ್ತಿದ್ದರು. ಅವಳು ಗೂಡಂಗಡಿಯನ್ನು ತಳ್ಳಿಸಿಕೊಂಡು ಬಸ್ ನಿಲ್ದಾಣಕ್ಕೆ ಹೋದಳು. ಅಲ್ಲಿ ಆಗಲೇ ಇಪ್ಪತ್ತು ಹೆಂಗಸರು ಮಗ್ವಿನ್ಯಾ ಕರಿಯುತ್ತಿದ್ದರು. ಊರು ಬಿಟ್ಟು ಹೋಗುವವರು ಮಾತ್ರ ಕೊಳ್ಳುತ್ತಿದ್ದರು.

ಸರ್ಕಾರ ಸುಮ್ಮನೆ ಕೂರಲಿಲ್ಲ. ಅಭಿವೃದ್ಧಿ ಕಚೇರಿ ಎಂದು ಒಂದು ತೆರೆಯಿತು, ಹೊಸ ಬಣ್ಣ ಬಳಿದು, ತಂಪು ಗಾಳಿಯ ಯಂತ್ರ ಹಾಕಿಸಿ. ಊರು ಗಣಿಯೊಂದನ್ನೇ ನಂಬಿಕೊಂಡು ಕೂರಬಾರದು, ನಾಲ್ಕು ಕಾಲಿನ ಮೇಲೆ ನಿಲ್ಲಬೇಕು ಎಂದು ಅಲ್ಲಿ ತರಬೇತಿ ಕೊಡುತ್ತಿದ್ದರು. ಬೊನೊಲೊ ಜೇನು ಸಾಕಣೆ ಕಲಿತಳು. ಅಣಬೆ ಬೆಳೆಯುವುದನ್ನು ಕಲಿತಳು. ಸೋಪು ಮಾಡುವುದನ್ನೂ ಕಲಿತಳು. ಮೂರು ಪ್ರಮಾಣಪತ್ರಗಳನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಳು.

"ಇನ್ನೊಂದು ಕಲೀತೀಯಾ?" ಎಂದು ಸೆಯಾಬೆಲೊ ಕೇಳಿದ.

"ಸಾಮಾನು ಮಾರೋದು ಯಾರಿಗೆ ಅಂತ ಕಲಿಸೋದಿದ್ರೆ ಹೋಗ್ತೀನಿ," ಎಂದಳು ಅವಳು. "ಅಲ್ಲಿ ಕೂತಿರೋ ಮೂವತ್ತು ಜನಾನೂ ಸೋಪು ಮಾಡ್ತೀವಿ. ಕೊನೇ ದಿನ ಒಬ್ಬರ ಸೋಪು ಒಬ್ಬರು ಬದಲಾಯಿಸ್ಕೊಂಡು ಮನೆಗೆ ಬಂದ್ವಿ."

ಮೊಡಿರಿ ಮೊದಲ ವರ್ಷ ತಮಾಷೆಯಲ್ಲೇ ಕಳೆದ. ಭಾನುವಾರ ಪ್ರಾರ್ಥನೆ ಮುಗಿಸಿ ಸೆಯಾಬೆಲೊನ ಮನೆಯ ಅಂಗಳಕ್ಕೆ ಬಂದು ಕೂರುತ್ತಿದ್ದ. ಒಮ್ಮೆ ರೇಡಿಯೋದಲ್ಲಿ ದೇಶದ ಆರ್ಥಿಕತೆ ಈ ವರ್ಷ ಶೇಕಡಾ ನಾಲ್ಕರಷ್ಟು ಬೆಳೆದಿದೆ ಎಂದು ಹೇಳಿದಾಗ ಅವನು ಕುರ್ಚಿಯಿಂದ ಎದ್ದು ರಸ್ತೆಯ ಎರಡೂ ಕಡೆ ನೋಡಿ ಬಂದ.

"ಏನ್ ನೋಡಿದ್ಯೋ?"

"ಬೆಳೆದಿದೆ ಅಂದ್ರಲ್ಲ, ಈ ಕಡೆ ಏನಾದ್ರೂ ಬಂತಾ ಅಂತ. ಪಾಪ, ಅದಕ್ಕೆ ನಮ್ಮೂರಿನ ದಾರಿ ಗೊತ್ತಿಲ್ಲ ಅನ್ಸುತ್ತೆ."

ಬೊನೊಲೊ ನಕ್ಕು ಅವನ ತಟ್ಟೆಗೆ ಇನ್ನಷ್ಟು ಜೋಳದ ಮುದ್ದೆ ಹಾಕಿದಳು. ಅವನು ಬೇಡ ಎನ್ನಲಿಲ್ಲ. ಮುಂಚೆ ಬೇಡ ಎನ್ನುತ್ತಿದ್ದ ಮನುಷ್ಯ.

ಎರಡನೇ ವರ್ಷದ ಜೂನ್ ತಿಂಗಳಲ್ಲಿ ಮಾಫೊಕೊ ಸೆಯಾಬೆಲೊನನ್ನೂ ನಾಲ್ವರು ಪಂಪಿನವರನ್ನೂ ಕಚೇರಿಗೆ ಕರೆದು ಬಾಗಿಲು ಹಾಕಿಸಿದ. ವಿದ್ಯುತ್ತಿನ ಖರ್ಚು ತಡೆಯುವುದಕ್ಕೆ ಆಗುತ್ತಿಲ್ಲ ಎಂದ. ಸಾವಿರದ ಮಟ್ಟದ ಪಂಪುಗಳನ್ನು ಬಿಟ್ಟುಬಿಟ್ಟು ಎಂಟುನೂರರಲ್ಲಿ ನೀರು ಹಿಡಿದು ನಿಲ್ಲಿಸಬೇಕು.

"ಒಳ್ಳೇ ಅದಿರೆಲ್ಲ ಇರೋದು ಅಲ್ಲೇ ಅಲ್ವಾ, ರ್ರಾ?" ಎಂದ ಸೆಯಾಬೆಲೊ. "ಎಂಟುನೂರರ ಮೇಲೆ ನಲವತ್ತು ವರ್ಷ ಅಗೆದು ಖಾಲಿ ಮಾಡಿದೀವಿ."

"ಕೊಳ್ಳೋರು ಬಂದ್ರೆ ನೀರು ತೆಗೀಬಹುದು. ಆದ್ರೆ ಈ ಸುದ್ದಿ ಹೊರಗೆ ಹೋದ್ರೆ ಕೊಳ್ಳೋರೇ ಬರಲ್ಲ. ಈಗ ಒಬ್ಬರ ಹತ್ರ ಮಾತುಕತೆ ನಡೀತಾ ಇದೆ. ಬಾಯಿ ಬಿಟ್ರೆ ಊರನ್ನ ನಿಮ್ಮ ಕೈಯಾರೆ ಮುಗಿಸಿದ ಹಾಗೆ." ಅವನು ಐದು ಕಾಗದಗಳನ್ನು ಮೇಜಿನ ಮೇಲೆ ಸರಿಸಿದ. ಹೆಂಡತಿಗೂ ಹೇಳುವುದಿಲ್ಲ ಎಂದು ಅದರಲ್ಲಿ ಬರೆದಿತ್ತು. ಐವರೂ ಸಹಿ ಹಾಕಿದರು.

ಎರಡು ವಾರದ ಮೇಲೆ ಪಂಪಿನವನೊಬ್ಬ ಮೇಲೆ ಬಂದು, ಸಾವಿರದ ಮಟ್ಟದಲ್ಲಿ ಅದಿರು ಎಳೆಯುವ ಲೋಕೋಮೋಟಿವ್‌ಗಳ ತಲೆ ಮಾತ್ರ ಕಾಣುತ್ತಿದೆ ಎಂದು ಹೇಳಿದ. ಅದರ ಮರುವಾರ ಅದೂ ಕಾಣುತ್ತಿರಲಿಲ್ಲ. ಸೆಯಾಬೆಲೊ ಆಳ ತೋರಿಸುವ ಮುಳ್ಳಿನ ಫಲಕದ ಮೇಲೆ ಎಂಟುನೂರರ ಪಕ್ಕ ಸೀಮೆಸುಣ್ಣದಿಂದ ಗೀಟು ಎಳೆದುಕೊಂಡ, ಕೈ ತಪ್ಪಿ ಕೇಜು ನೀರಿಗೆ ಇಳಿಯಬಾರದೆಂದು.

ಮೊಡಿರಿ ಬಂದಿದ್ದು ಆಗಸ್ಟಿನಲ್ಲಿ. ಆ ಸಲ ಕುರ್ಚಿಯ ತುದಿಯಲ್ಲಿ ಕೂತ. ಕೈಯಲ್ಲಿ ಒಂದು ಲಕೋಟೆ ಇತ್ತು.

"ಪಡುವಣದ ವಜ್ರದ ಗಣೀಲಿ ಲಾರಿ ಓಡಿಸೋ ಕೆಲಸ ಅಂತೆ," ಎಂದ. "ನನ್ನ ಹೆಂಡ್ತಿ ತಮ್ಮ ಮಾಡಿಸಿಕೊಟ್ಟಿದಾನೆ. ಸೋಮವಾರದೊಳಗೆ ಹೇಳ್ಬೇಕು."

"ಒಳ್ಳೇದಾಯ್ತಲ್ಲ."

"ಏನ್ ಒಳ್ಳೇದು? ಹದಿನಾರು ವರ್ಷ ಬಂಡೆ ಕೊರೆದವನು ನಾನು. ಅಲ್ಲಿ ಹೋಗಿ ಮಣ್ಣು ಹೊತ್ಕೊಂಡು ಗುಡ್ಡೆ ಸುತ್ತಾ ಇರ್ಬೇಕು. ಸಂಬಳಾನೂ ಅರ್ಧ. ಮನೆ ಕೊಡಲ್ವಂತೆ, ಹೆಂಡ್ತಿ ಮಕ್ಕಳು ಇಲ್ಲೇ." ಅವನು ಲಕೋಟೆಯನ್ನು ತೊಡೆಯ ಮೇಲೆ ತಟ್ಟುತ್ತ ಕೂತ. "ಅದಕ್ಕಲ್ಲ ನಾ ಬಂದಿದ್ದು. ನಾನು ಅಲ್ಲಿ ಸೇರ್ಕೊಂಡ ಮರುತಿಂಗಳು ಇಲ್ಲಿ ಗಣಿ ತೆರೆದ್ರೆ? ಹೆಸರು ಹೊಡೆದು ಹಾಕ್ತಾರೆ, ಬೇರೆಯವರು ನುಗ್ತಾರೆ. ನೀನು ದಿನಾ ಒಳಗಿರೋನು. ನಿನಗೆ ಗೊತ್ತಿರುತ್ತೆ. ನಿಜ ಹೇಳು ಸೆಯಾಬೆ, ಪಂಪು ಓಡ್ತಾ ಇದೆಯಾ?"

ಬೊನೊಲೊ ಒಳಗಿನಿಂದ ಚಹಾ ತರುತ್ತಿದ್ದಳು. ಸೆಯಾಬೆಲೊ ಬೇಲಿಯ ಆಚೆ ನೋಡಿದ. ಎಂಟುನೂರರಲ್ಲಿ ಪಂಪು ಓಡುತ್ತಲೇ ಇತ್ತು. ಅದು ಸುಳ್ಳಲ್ಲ. ಕೊಳ್ಳುವವರು ಬರುತ್ತಾರೆ ಎಂದು ಮಾಫೊಕೊ ಹೇಳಿದ್ದನ್ನು ಅವನೂ ನಂಬಿದ್ದ, ನಂಬದೆ ಹೋದರೆ ಬೆಳಗ್ಗೆ ಎದ್ದು ಯಂತ್ರದ ಮನೆಗೆ ಹೋಗುವುದು ಹೇಗೆ?

"ಓಡ್ತಾ ಇದೆ," ಎಂದ.

ಮೊಡಿರಿಯ ಭುಜ ಸಡಿಲವಾಯಿತು. ಚಹಾ ಪೂರ್ತಿ ಕುಡಿದ. ಲಕೋಟೆಯನ್ನು ಎರಡಾಗಿ ಮಡಿಚಿ ಜೇಬಿಗೆ ಇಟ್ಟುಕೊಂಡು ಹೋದ.

ಕೊಳ್ಳುವವರು ಬಂದರು, ಅದು ಸುಳ್ಳಾಗಲಿಲ್ಲ. ಮೂರನೇ ವರ್ಷದ ಶುರುವಿಗೆ ಏಳು ಜನ ಹೊಸ ಬೂಟು ಹಾಕಿಕೊಂಡು ಬಂದಿಳಿದರು. ಊರು ಕಸ ಗುಡಿಸಿತು. ನಗರಸಭೆ ಎತ್ತು ಕಡಿಸಿತು. ಮೂರು ಕಾಲಿನ ದೊಡ್ಡ ಕಡಾಯಿಗಳಲ್ಲಿ ಮಾಂಸ ಬೇಯಿಸಿ, ಕುಟ್ಟಿ, ಸೆಸ್ವಾ ಮಾಡಿ ಊರಿಗೆಲ್ಲ ಬಡಿಸಿದರು. ಶಾಲೆಯ ಮಕ್ಕಳು ಕುಣಿದರು. ಸೆಯಾಬೆಲೊ ಬಂದವರನ್ನು ಎಂಟುನೂರಕ್ಕೆ ಇಳಿಸಿದ. ಕೆಳಗೆ ಯಾಕೆ ಹೋಗುವುದಿಲ್ಲ ಎಂದು ಕೇಳಿದರೆ ಗಾಳಿ ಸರಿಯಿಲ್ಲ ಎನ್ನಬೇಕೆಂದು ಮಾಫೊಕೊ ಹೇಳಿಕೊಟ್ಟಿದ್ದ. ಯಾರೂ ಕೇಳಲಿಲ್ಲ. ಅವರಲ್ಲಿ ಒಬ್ಬ ವಯಸ್ಸಾದವನು ಮೇಲೆ ಬಂದು ಯಂತ್ರದ ಮನೆಗೆ ಕಾಲಿಟ್ಟ. ಫಲಕದ ಮೇಲಿನ ಸುಣ್ಣದ ಗೀಟನ್ನು ನೋಡಿದ, ಸೆಯಾಬೆಲೊನ ಮುಖ ನೋಡಿದ, ಬೂಟಿನ ಕೆಸರು ಕೆರೆದುಕೊಂಡು ಹೊರಗೆ ಹೋದ.

ಅವರು ಬರೆದು ತಿಳಿಸುತ್ತೇವೆ ಎಂದರು. ನಾಲ್ಕು ತಿಂಗಳಾದ ಮೇಲೆ ನಿಕಲ್ ಬೆಲೆ ಮತ್ತೆ ಬಿದ್ದಿದೆ, ಈಗ ಆಸಕ್ತಿ ಇಲ್ಲ ಎಂದು ಬರೆದರು. ಆ ವೇಳೆಗೆ ಬೊನೊಲೊ ಗಣಿ ತೆರೆಯುತ್ತದೆಂದು ಗೂಡಂಗಡಿಯನ್ನು ಹಳೆಯ ಗೇಟಿನ ಎದುರಿಗೆ ವಾಪಸು ತಂದು, ಅದಕ್ಕೆ ಮತ್ತೊಂದು ಗೋಡೆ ಏರಿಸಿ, ಹೊಸ ಫ್ರೀಜರ್ ತಂದಿಟ್ಟುಕೊಂಡಿದ್ದಳು.

ಆ ಚಳಿಗಾಲದಲ್ಲಿ ಎಂಟುನೂರನ್ನೂ ಬಿಟ್ಟು ಆರುನೂರಕ್ಕೆ ಬಂದರು. ಪಂಪಿನವರು ಇಬ್ಬರಾದರು. ಬಹಳ ದಿನ ಕೆಳಗೆ ಇಳಿಯುವ ಕೆಲಸವೇ ಇರುತ್ತಿರಲಿಲ್ಲ. ಆದರೂ ಉಕ್ಕಿನ ಹಗ್ಗ ಬಿಗಿದುಕೊಳ್ಳದಂತೆ ದಿನಕ್ಕೆರಡು ಸಲ ಖಾಲಿ ಕೇಜನ್ನು ಇಳಿಸಿ ಏರಿಸಬೇಕಿತ್ತು. ಶಾಫ್ಟಿನ ಬಾಯಿಯ ಮೇಲಿನ ಉಕ್ಕಿನ ಗೋಪುರದ ತುದಿಯಲ್ಲಿ ಆ ಹಗ್ಗದ ಗಾಲಿ ತಿರುಗುವುದು ಊರಿನ ಯಾವ ಬೀದಿಯಿಂದ ನೋಡಿದರೂ ಕಾಣುತ್ತದೆ. ಬಟ್ಟೆ ಒಣಹಾಕುವವರು ಅದನ್ನು ನೋಡಿ ಒಂದು ಕ್ಷಣ ಕೈ ನಿಲ್ಲಿಸುತ್ತಿದ್ದರು. ನಿಲ್ದಾಣದಲ್ಲಿ ಗಂಟುಮೂಟೆ ಕಟ್ಟಿ ಕೂತಿದ್ದ ಒಂದು ಸಂಸಾರ ಆ ಗಾಲಿ ತಿರುಗಿದ್ದನ್ನು ಕಂಡು ಬಸ್ಸು ಹತ್ತದೆ ಮನೆಗೆ ವಾಪಸು ಹೋಯಿತಂತೆ. ಬೊನೊಲೊ ಅದನ್ನು ಸಂತೋಷದಿಂದಲೇ ಹೇಳಿದಳು. ಸೆಯಾಬೆಲೊ ತಟ್ಟೆ ಸರಿಸಿ ಅಂಗಳಕ್ಕೆ ಹೋದ.

ಮೊಡಿರಿಯ ಹೆಂಡತಿ ಕೆಲೆಬೊನ್ಯೆ ಒಂದು ಬೆಳಗ್ಗೆ ಮನೆಗೆ ಬಂದಳು. ತಿನ್ನುವುದಕ್ಕೆ ಒಣಗಿಸಿದ ಮೊಪಾನೆ ಹುಳು ಮಾರುವ ಚೀಲ ಹೆಗಲ ಮೇಲಿತ್ತು. ಕೂರು ಎಂದರೂ ಕೂರಲಿಲ್ಲ.

"ರ್ರಾ-ವಾಮೆ, ನಾನು ಮಕ್ಕಳನ್ನ ಕರ್ಕೊಂಡು ಊರಿಗೆ ಹೋಗ್ತಿದೀನಿ, ಅಮ್ಮನ ದನದ ಹಟ್ಟಿಗೆ. ಅಲ್ಲಾದ್ರೆ ಹಾಲಾದ್ರೂ ಇದೆ. ಅವರು ಬರಲ್ಲ ಅಂತಾರೆ. ಗಣಿ ತೆರೆಯೋ ದಿನ ಗೇಟಿನ ಹತ್ರ ನಾನಿಲ್ದೆ ಹೋದ್ರೆ ಅಂತಾರೆ. ಬೆಳಗ್ಗೆ ಎದ್ದು ಬೂಟು ಒರೆಸಿ ಇಡ್ತಾರೆ. ಸಂಜೆ ಆ ಡಬ್ಬದ ಜೋಳದ ಹೆಂಡ ಕುಡಿದು ಬಿದ್ದಿರ್ತಾರೆ. ನೀವು ಒಂದು ಮಾತು ಹೇಳಿ. ಬರುತ್ತೆ ಅಂತಾದ್ರೂ ಹೇಳಿ, ಬರಲ್ಲ ಅಂತಾದ್ರೂ ಹೇಳಿ. ನಿಮ್ಮ ಮಾತು ಅವರಿಗೆ ದೇವರ ಮಾತು."

"ನನ್ನ ಕೈಲಿ ಏನಿದೆ, ಮ್ಮಾ?"

"ಕೈಲಿ ಇದೆ ಅಂದ್ನಾ? ಬಾಯಲ್ಲಿ ಇದೆಯಾ ಅಂತ ಕೇಳ್ದೆ."

ಅವನು ಮಾತಾಡುವುದಕ್ಕೆ ಬಾಯಿ ತೆರೆದದ್ದು ನಿಜ. ಅಷ್ಟರಲ್ಲಿ ಬೊನೊಲೊ, "ಪಂಪು ಓಡ್ತಾನೇ ಇದೆಯಲ್ಲ, ಮ್ಮಾ, ಸ್ವಲ್ಪ ತಾಳ್ಮೆ ತಗೊಳ್ಳಿ," ಎಂದುಬಿಟ್ಟಳು. ಕೆಲೆಬೊನ್ಯೆ ಇಬ್ಬರನ್ನೂ ನೋಡಿ ಚೀಲ ಸರಿಪಡಿಸಿಕೊಂಡು ಹೊರಟಳು. ಮಧ್ಯಾಹ್ನದ ಬಸ್ಸಿಗೆ ಮಕ್ಕಳೊಂದಿಗೆ ಹೋದಳು. ಮೊಡಿರಿ ನಿಲ್ದಾಣಕ್ಕೂ ಬರಲಿಲ್ಲ.

ನಾಲ್ಕನೇ ವರ್ಷದ ಸೆಪ್ಟೆಂಬರಿನಲ್ಲಿ ಮುಗಿಯಿತು. ಗಾಬೊರೋನೆಯಿಂದ ಬಂದ ಆಜ್ಞೆಯನ್ನು ಮಾಫೊಕೊ ಬೆಳಗ್ಗೆ ಒಂಬತ್ತಕ್ಕೆ ಓದಿದ. ಹತ್ತು ಗಂಟೆಗೆ ಸೆಯಾಬೆಲೊ ಇಬ್ಬರು ಪಂಪಿನವರನ್ನು ಮೇಲೆ ತಂದ. ಹತ್ತೂವರೆಗೆ ವಿದ್ಯುತ್ತು ತೆಗೆದರು. ಯಂತ್ರದ ಮನೆಯಲ್ಲಿ ಅಷ್ಟು ನಿಶ್ಶಬ್ದ ಅವನು ಎಂದೂ ಕೇಳಿರಲಿಲ್ಲ. ಬ್ರೇಕು ಹಾಕಿ ಬೀಗ ಜಡಿದು ಕೀಲಿ ಕೊಟ್ಟ. ಮಾಫೊಕೊ ಅವನ ಕೈ ಕುಲುಕಿ, ನಿಷ್ಠೆಯಿಂದ ಸೇವೆ ಮಾಡಿದ್ದಕ್ಕೆ ಎಂದು ಒಂದು ಕಾಗದ ಕೊಟ್ಟ. ಮನೆಗೆ ತಂದರೆ ಗೋಡೆಯ ಮೇಲೆ ಬೊನೊಲೊಳ ಮೂರು ಪ್ರಮಾಣಪತ್ರಗಳ ಪಕ್ಕ ಜಾಗ ಇತ್ತು. ಅವನು ಅದನ್ನು ತೂಗುಹಾಕಲಿಲ್ಲ.

ಆ ಶನಿವಾರ ಊರಿನ ಸಭಾಂಗಣದಲ್ಲಿ ಸಭೆ ಕರೆದರು. ಕೂರಲು ಜಾಗವಿಲ್ಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಗೋಪುರ, ಕುಲುಮೆ, ಹಳಿ ಎಲ್ಲವನ್ನೂ ಗುಜರಿಗೆ ಮಾರುವುದಾಗಿ ಮಾಫೊಕೊ ಹೇಳಿದ. ಯಾರೋ ಎದ್ದು, ನಾಲ್ಕು ವರ್ಷ ನೀರು ಹೊರಗೆ ಹಾಕಿ ಈಗ ಬಿಡುವುದು ಯಾವ ನ್ಯಾಯ ಎಂದು ಕೂಗಾಡಿದರು. ಮಾಫೊಕೊಗೆ ಸಾಕಾಗಿತ್ತು, ಅವನ ಮೆತ್ತಗಿನ ದನಿ ಅವತ್ತು ಇರಲಿಲ್ಲ.

"ನಾಲ್ಕು ವರ್ಷ ಅಲ್ಲ, ರ್ರಾ," ಎಂದ. "ಸಾವಿರದ ಮಟ್ಟ ಎರಡನೇ ವರ್ಷದ ಜೂನಿನಲ್ಲೇ ಮುಳುಗಿದೆ. ದಾಖಲೆ ಇದೆ ಇಲ್ಲಿ. ಹೋದ ವರ್ಷದಿಂದ ಎಂಟುನೂರೂ ಇಲ್ಲ."

ಮೊಡಿರಿ ಮೂರನೇ ಸಾಲಿನಲ್ಲಿ ಕೂತಿದ್ದ. ಒರೆಸಿದ ಬೂಟು ಹಾಕಿಕೊಂಡು ಬಂದಿದ್ದ. ಅವನು ನಿಧಾನವಾಗಿ ತಿರುಗಿ, ಬಾಗಿಲ ಹತ್ತಿರ ನಿಂತಿದ್ದ ಸೆಯಾಬೆಲೊನನ್ನು ಹುಡುಕಿ ನೋಡಿದ. ಆಮೇಲೆ ಮತ್ತೆ ಮುಂದಕ್ಕೆ ತಿರುಗಿ ಸಭೆ ಮುಗಿಯುವವರೆಗೂ ಹಾಗೇ ಕೂತ.

ಹೊರಗೆ ಸೆಯಾಬೆಲೊ ಅವನ ಹಿಂದೆ ಓಡಿದ. "ಮೊಡಿರಿ, ನಿಲ್ಲೋ. ಕಾಗದಕ್ಕೆ ಸಹಿ ಹಾಕಿಸ್ಕೊಂಡಿದ್ರು. ಹೇಳೋ ಹಾಗೆ ಇರ್ಲಿಲ್ಲ."

"ಆಗಸ್ಟಿನಲ್ಲಿ ನಾನು ಬಂದಾಗ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಚಹಾ ಕೊಟ್ಟೆ."

"ಕೊಳ್ಳೋರು ಬರ್ತಾರೆ ಅಂತ ನಾನೂ ನಂಬಿದ್ದೆ ಕಣೋ. ದೇವರಾಣೆ."

"ನೀನು ನಂಬಬಹುದಿತ್ತು," ಎಂದ ಮೊಡಿರಿ. "ನಿನಗೆ ತಿಂಗಳ ಕೊನೆಗೆ ಸಂಬಳ ಬರ್ತಿತ್ತು." ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಹೊಡೆದಿದ್ದರೆ ಸೆಯಾಬೆಲೊ ಹೊಡೆಸಿಕೊಳ್ಳುತ್ತಿದ್ದ. "ನನಗೀಗ ಐವತ್ತಾಯ್ತು. ಅಲ್ಲಿ ನಲವತ್ತೈದರ ಮೇಲೆ ತಗೊಳ್ಳಲ್ಲ. ಆವತ್ತೇ ನನಗೆ ಹೆಚ್ಚಾಗಿತ್ತು, ಭಾವಮೈದ ಯಾರದೋ ಕೈ ಕಾಲು ಹಿಡಿದು ಮಾಡಿಸಿದ್ದ." ಅಷ್ಟು ಹೇಳಿ ನಡೆದುಹೋದ.

ಮನೆಯಲ್ಲಿ ಬೊನೊಲೊ ಹಿಟ್ಟು ನಾದುತ್ತಿದ್ದಳು. ಸುದ್ದಿ ಅವನಿಗಿಂತ ಮುಂಚೆ ಬಂದು ಮುಟ್ಟಿತ್ತು.

"ಆ ಫ್ರೀಜರ್ ತರೋ ದಿನ ನೀನೇ ಅಲ್ವಾ ಲಾರಿಯಿಂದ ಇಳಿಸಿದ್ದು?"

"ಹೌದು."

"ಒಂದು ಕಡೆ ನೀನು ಹಿಡಿದಿದ್ದೆ, ಇನ್ನೊಂದು ಕಡೆ ನಾನು. ಹುಷಾರು, ಕಾಲಿನ ಮೇಲೆ ಬಿದ್ದೀತು ಅಂದೆ ನೀನು." ಅವಳು ಹಿಟ್ಟು ತಿರುವಿ ಹಾಕಿದಳು. "ಕೆಲೆಬೊನ್ಯೆ ಹತ್ರ ತಾಳ್ಮೆ ತಗೊಳ್ಳಿ ಅಂತ ನನ್ನ ಬಾಯಲ್ಲಿ ಹೇಳಿಸಿದೆ. ಊರಿನವರಿಗೆ ಹೇಳಬೇಡ, ಸರಿ. ಹನ್ನೆರಡು ವರ್ಷ ಪಕ್ಕದಲ್ಲಿ ಮಲಗಿದವಳು ನಾನು ಯಾವ ಊರಿನವಳು?"

ಅವನು ಸಹಿಯ ವಿಷಯ ಎತ್ತಿದ. ಅವಳು ಕೇಳಿಸಿಕೊಳ್ಳಲಿಲ್ಲ. ಜಗಳವಾಡಲೂ ಇಲ್ಲ. ಡಿಸೆಂಬರಿನಲ್ಲಿ ಶಾಲೆ ಮುಗಿದ ಮೇಲೆ ವಾಮೆಯನ್ನು ಕರೆದುಕೊಂಡು ಫ್ರಾನ್ಸಿಸ್‌ಟೌನಿಗೆ ಹೋದಳು. ಅಲ್ಲಿ ಅವಳ ಅಕ್ಕ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ ನೋಡಿಟ್ಟಿದ್ದಳು. ಸೆಯಾಬೆಲೊ ಮನೆ ಮಾರಿ ಬರುವುದೆಂದು ಮಾತಾಯಿತು. ಆ ಬೀದಿಯಲ್ಲಿ ಹನ್ನೊಂದು ಮನೆಗಳ ಮೇಲೆ ಮಾರಾಟಕ್ಕಿದೆ ಎಂಬ ಫಲಕ ಇತ್ತು, ಅವನದು ಹನ್ನೆರಡನೆಯದು. ಹೊರಟ ದಿನ ಬೊನೊಲೊ ಬಾಡಿಗೆ ವ್ಯಾನು ಕೊಂಬಿಯ ಕಿಟಕಿಯಿಂದ ಕೈ ಆಡಿಸಿದಳು, ಆದರೆ ಅದು ವಾಮೆ ಅಳಬಾರದೆಂದು ಮಾಡಿದ್ದು.

ಗುಜರಿಯವರು ಗ್ಯಾಸ್ ಕಟರ್ ತಂದು ಗೋಪುರ ಕೊಯ್ದು ಕೆಡವಿದರು. ದಿನಗೂಲಿಗೆ ಊರಿನವರನ್ನೇ ತೆಗೆದುಕೊಂಡರು. ಸೆಯಾಬೆಲೊ ಎರಡು ತಿಂಗಳು ಅಲ್ಲಿ ದುಡಿದ. ಮೊಡಿರಿಯೂ ದುಡಿದ. ಒಂದೇ ತೊಲೆಯ ಎರಡು ತುದಿ ಹಿಡಿದು ಲಾರಿಗೆ ಏರಿಸಿದ ದಿನವೂ ಅವನು ಮಾತಾಡಲಿಲ್ಲ. "ಎತ್ತು", "ಇಳಿಸು" ಅಷ್ಟೇ. ಆ ಕೆಲಸವೂ ಮುಗಿಯಿತು. ಶಾಫ್ಟಿನ ಬಾಯಿಗೆ ಕಾಂಕ್ರೀಟಿನ ಚಪ್ಪಡಿ ಮುಚ್ಚಿದರು.

ಮೇ ತಿಂಗಳಲ್ಲಿ ಹೊಸ ಸುದ್ದಿ ಹುಟ್ಟಿತು. ಕಾರುಗಳೆಲ್ಲ ಬ್ಯಾಟರಿಯಲ್ಲಿ ಓಡುತ್ತವಂತೆ, ಬ್ಯಾಟರಿಗೆ ನಿಕಲ್ ಬೇಕಂತೆ, ಹೊಸ ಕಂಪನಿ ಬರುತ್ತದಂತೆ. ಒಂದು ಸೋಮವಾರ ನಗರಸಭೆಯ ಎದುರಿನ ಮೊರುಲಾ ಮರದ ಕೆಳಗೆ ನಿಜವಾಗಿಯೂ ಮೇಜು ಹಾಕಿ, ಹಸಿರು ಅಂಗಿಯ ಹುಡುಗಿಯೊಬ್ಬಳು ಕೂತು, ಹಿಂದೆ ಗಣಿಯಲ್ಲಿ ಕೆಲಸ ಮಾಡಿದವರ ಹೆಸರು ಬರೆದುಕೊಳ್ಳತೊಡಗಿದಳು. ಸಾಲು ಪೆಟ್ರೋಲ್ ಬಂಕಿನವರೆಗೆ ಬೆಳೆದಿತ್ತು.

ಬ್ರೆಡ್ಡು ತರಲು ಹೊರಟಿದ್ದ ಸೆಯಾಬೆಲೊ ಅಲ್ಲಿ ನಿಂತ. ಸಾಲಿನಲ್ಲಿದ್ದವರು ಅವನನ್ನು ಗುರುತಿಸಿದರು.

"ನೀವು ಒಳಗಿದ್ದೋರು, ರ್ರಾ. ತೆರೀತಾರಾ?"

"ಇಲ್ಲ," ಎಂದ ಅವನು. ಇಷ್ಟು ದಿನ ನುಂಗಿದ್ದು ಒಂದೇ ಸಲಕ್ಕೆ ಹೊರಗೆ ಬಂತು. "ನೀರು ನಾನೂರರ ಮೇಲಕ್ಕೆ ಬಂದಿದೆ. ಪಂಪು ಇಲ್ಲ, ಗೋಪುರ ಇಲ್ಲ. ನಮ್ಮ ಕೈಯಾರೆ ಲಾರಿಗೆ ಹೇರಿದೀವಿ. ಇವರು ಹೆಸರು ಬರ್ಕೊಂಡು ಹೋಗ್ತಾರೆ ಅಷ್ಟೇ. ಮನೆಗೆ ಹೋಗಿ. ಬೇರೆ ಕಡೆ ಕೆಲಸ ಸಿಕ್ಕಿದ್ರೆ ಇವತ್ತೇ ಹೋಗಿ."

ಸಾಲಿನಲ್ಲಿದ್ದ ಒಬ್ಬ ಹೆಂಗಸು, "ನಾಲ್ಕು ವರ್ಷ ಸಂಬಳ ತಿಂದು ಓಡ್ತಾ ಇದೆ ಓಡ್ತಾ ಇದೆ ಅಂದ. ಈಗ ನಮಗೆ ಸಿಕ್ಕೋ ಹೊತ್ತಿಗೆ ಇಲ್ಲ ಅಂತಾನೆ ನೋಡು," ಎಂದಳು. ಇನ್ನೊಬ್ಬ, "ಹೊಟ್ಟೆಕಿಚ್ಚು," ಎಂದ. ಯಾರೋ ಹಿಂದಿನಿಂದ ಶಿಳ್ಳೆ ಹೊಡೆದರು.

ಮೊಡಿರಿ ಮೇಜಿನಿಂದ ಹತ್ತನೆಯವನಾಗಿ ನಿಂತಿದ್ದ. ಸೆಯಾಬೆಲೊ ಅವನ ಹತ್ತಿರ ಹೋಗಿ ಮೆಲ್ಲನೆ, "ನಿನಗೆ ಗೊತ್ತಲ್ಲ. ಚಪ್ಪಡಿ ಮುಚ್ಚೋವಾಗ ನೀನೂ ಅಲ್ಲಿದ್ದೆ," ಎಂದ.

ಎಂಟು ತಿಂಗಳಲ್ಲಿ ಮೊದಲ ಸಲ ಮೊಡಿರಿ ಅವನ ಮುಖ ನೋಡಿ ಮಾತಾಡಿದ. "ಗೊತ್ತು. ದಾರಿ ಬಿಡು, ಹಿಂದೆ ಜನ ಇದ್ದಾರೆ."

ಸೆಯಾಬೆಲೊ ಬ್ರೆಡ್ಡು ತಗೊಳ್ಳದೆ ಮನೆಗೆ ಹೋದ. ಮಧ್ಯಾಹ್ನ ಬೊನೊಲೊಳ ಫೋನು ಬಂತು. ಹಿಂದೆ ಪಾತ್ರೆಗಳ ಸದ್ದು ಕೇಳುತ್ತಿತ್ತು.

"ಹೊಸ ಕಂಪನಿ ಬಂದಿದೆಯಂತೆ? ಇಲ್ಲಿ ಎಲ್ಲ ಮಾತಾಡ್ತಿದಾರೆ. ನಿಜಾನಾ?"

"ಇಲ್ಲ. ಏನೂ ಇಲ್ಲ. ಬರೀ ಹೆಸರು ಬರ್ಕೊಳ್ತಿದಾರೆ."

"ನೀನು ಕೊಟ್ಯಾ?"

"ಇಲ್ಲ."

ಹಿಂದಿನ ಪಾತ್ರೆಗಳ ಸದ್ದು ನಿಂತಿತು. ಫೋನು ಕಡಿಯಿತೇನೋ ಎಂದು ಅವನು ಹಲೋ ಅಂದ.

"ಕೊಟ್ಟಿದ್ರೆ ಏನ್ ಹೋಗ್ತಿತ್ತು?" ಎಂದಳು ಬೊನೊಲೊ. "ವಾಮೆಗೆ ಹೇಳೋದಕ್ಕಾದ್ರೂ ಏನಾದ್ರೂ ಇರ್ತಿತ್ತು."

ನಾಲ್ಕು ಗಂಟೆಗೆ ಅವನು ಮೊರುಲಾ ಮರದ ಹತ್ತಿರ ಹೋದಾಗ ಹಸಿರು ಅಂಗಿಯ ಹುಡುಗಿ ಮೇಜು ಮಡಿಚುತ್ತಿದ್ದಳು. ಇವತ್ತಿನ ಪಟ್ಟಿ ಮುಗಿಯಿತು, ಗುರುವಾರ ಮತ್ತೆ ಬರುತ್ತೇವೆ ಎಂದಳು. ಹಿಂದಿನ ಕೆಲಸ ಏನು ಎಂದು ಕೇಳಿದಳು. ಅವನು ಹೇಳಿದ. ಅದು ಅವಳಿಗೆ ಅರ್ಥವಾಗಲಿಲ್ಲ.

"ಹಳೇ ಕೆಲಸದ ಕಾಗದ ಏನಾದ್ರೂ ಇದ್ರೆ ತನ್ನಿ, ರ್ರಾ."

"ಒಂದಿದೆ," ಎಂದ ಸೆಯಾಬೆಲೊ. "ಗುರುವಾರ ಎಷ್ಟು ಗಂಟೆಗೆ, ಮ್ಮಾ?"

"ಎಂಟಕ್ಕೆ. ಆದ್ರೆ ಜನ ಆರಕ್ಕೇ ಬಂದು ನಿಲ್ತಾರೆ."

"ಐದಕ್ಕೆ ಬರ್ತೀನಿ," ಎಂದ ಅವನು.